ಮೊಟ್ಟೆಯ ಚಿಪ್ಪು ಮತ್ತು ಹೇಂಟೆಯ ಮೂಳೆ

ಹಿತ್ತಲಿನಲ್ಲಿ ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಹೇಂಟೆಯು ಒಂದು ದಿನ ಇದ್ದಕ್ಕಿದ್ದಂತೆ ಚಿಪ್ಪಿಲ್ಲದ, ತೊಗಲಿನ ಚೀಲದಂತಹ ಮೊಟ್ಟೆಯನ್ನು ಹಾಕುವುದುಂಟು. ಮತ್ತೆ ಕೆಲವೊಮ್ಮೆ ಮೊಟ್ಟೆಯೇ ಹೊರಬಾರದೆ, ಕೋಳಿಯು ಮುದುಡಿ ಕುಳಿತು ಒಂದೆರಡು ದಿನಗಳಲ್ಲಿ ಸಾಯುತ್ತದೆ. ದೃಷ್ಟಿ ತಾಗಿತೆಂದು ಸುಮ್ಮನಾಗುವವರೂ ಉಂಟು. ಆದರೆ ಈ ಎರಡು ತೊಂದರೆಗಳಿಗೂ ಅನೇಕ ವೇಳೆ ಒಂದೇ ಮೂಲವಿರುತ್ತದೆ. ಅದನ್ನು ತಿಳಿಯಬೇಕಾದರೆ ಮೊಟ್ಟೆಯು ಸಿದ್ಧವಾಗುವ ಬಗೆಯನ್ನು ನಾವು ಮೊದಲು ನೋಡಬೇಕು.

ಹೇಂಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮತ್ತು ಅಂಡನಾಳಗಳು ಮಾತ್ರ ಬೆಳೆದು ಕೆಲಸ ಮಾಡುತ್ತವೆ. ಅಂಡಾಶಯದಿಂದ ಕಳಚಿಕೊಂಡ ಹಳದಿಯು ನಾಳವನ್ನು ಸೇರಿ, ಸುಮಾರು ೩ ಗಂಟೆಗಳ ಕಾಲ ಬಿಳಿಯ ಲೋಳೆಯನ್ನು ಹೊದೆಯುತ್ತದೆ. ಆಮೇಲೆ ಒಂದು ಗಂಟೆಗೆ ಸ್ವಲ್ಪ ಮೇಲ್ಪಟ್ಟ ಅವಧಿಯಲ್ಲಿ ಎರಡು ತೆಳು ಪೊರೆಗಳು ಅದನ್ನು ಸುತ್ತುತ್ತವೆ. ಉಳಿದ ಸುಮಾರು ೨೦ ಗಂಟೆಗಳು ಚಿಪ್ಪಿನ ಕೆಲಸಕ್ಕೇ ಮೀಸಲು. ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟು, ಎಂದರೆ ಸುಣ್ಣಕಲ್ಲಿನ ವಸ್ತುವೇ. ವಿದ್ಯಾರ್ಥಿಗಳು ಒಂದು ಮೊಟ್ಟೆಯನ್ನು ಎರಡು ದಿನ ವಿನಿಗರಿನಲ್ಲಿ ಮುಳುಗಿಸಿಟ್ಟು ನೋಡಬಹುದು. ಗುಳ್ಳೆಗಳೆದ್ದು ಚಿಪ್ಪು ಕರಗಿ, ಪೊರೆಯ ಚೀಲ ಮಾತ್ರ ಉಳಿಯುತ್ತದೆ. ರೋಗಗ್ರಸ್ತ ಹೇಂಟೆಯ ಮೆತ್ತನೆಯ ಮೊಟ್ಟೆ ಬಹುಮಟ್ಟಿಗೆ ಇಂತಹುದೇ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಚಿಪ್ಪಿನಲ್ಲಿ ಸುಮಾರು ೨ ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಮ್ಮ ಧಾನ್ಯಗಳಲ್ಲೆಲ್ಲ ಕ್ಯಾಲ್ಸಿಯಂ ಹೆಚ್ಚಾಗಿರುವುದು ರಾಗಿಯಲ್ಲಿ. ಆದರೂ ೧೦೦ ಗ್ರಾಂ ರಾಗಿಯಿಂದ ದೊರೆಯುವುದು ಗ್ರಾಮಿನ ಮೂರನೆಯ ಒಂದು ಭಾಗ ಮಾತ್ರ. ಕೋಳಿಯು ದಿನಕ್ಕೆ ತಿನ್ನುವುದು ಸುಮಾರು ಅಷ್ಟೇ ತೂಕದ ಕಾಳು. ಹಾಗಾದರೆ ಉಳಿದುದು ಎಲ್ಲಿಂದ ಬರಬೇಕು?

ಇದಕ್ಕಾಗಿ ಪ್ರಕೃತಿಯು ಒಂದು ಉಗ್ರಾಣವನ್ನು ಕಟ್ಟಿದೆ. ಮೊಟ್ಟೆಯಿಡುವ ಕಾಲ ಸಮೀಪಿಸಿದಾಗ ಹೇಂಟೆಯ ಉದ್ದ ಮೂಳೆಗಳ ಟೊಳ್ಳಿನಲ್ಲಿ ವಿಶೇಷವಾದ ಮಜ್ಜಾಮೂಳೆ ಬೆಳೆಯುತ್ತದೆ. ಚಿಪ್ಪು ಹೆಚ್ಚಾಗಿ ಕೂಡುವುದು ರಾತ್ರಿಯಲ್ಲಿ. ಕರುಳಿನಲ್ಲಿ ಆಹಾರ ಮುಗಿದಂತೆ ಈ ಮೂಳೆ ಕರಗಿ ರಕ್ತಕ್ಕೆ ಕ್ಯಾಲ್ಸಿಯಂ ಒದಗಿಸುತ್ತದೆ. ಹಗಲಿನ ಮೇವಿನಿಂದ ಅದು ಮತ್ತೆ ತುಂಬಬೇಕು. ನಾಟಿ ಕೋಳಿಯು ಕೆಲವು ಮೊಟ್ಟೆಗಳನ್ನಿಟ್ಟು ಕಾವಿಗೆ ಕುಳಿತುಬಿಡುವುದರಿಂದ ಅದಕ್ಕೆ ವಿರಾಮ ದೊರೆಯುತ್ತದೆ. ವರ್ಷಕ್ಕೆ ೩೦೦ರಷ್ಟು ಮೊಟ್ಟೆಯಿಡಬಲ್ಲ ತಳಿಗೆ ಆ ವಿರಾಮವಿಲ್ಲ. ಅದನ್ನು ತಂದು ಕೇವಲ ನುಚ್ಚಿನ ಮೇಲೆ ಸಾಕಿದರೆ ಮೊದಲು ಚಿಪ್ಪು ತೆಳ್ಳಗಾಗುತ್ತದೆ. ಬಳಿಕ ಮೂಳೆಗಳೇ ದುರ್ಬಲವಾಗಿ ಮುರಿಯತೊಡಗುತ್ತವೆ.

ಸ್ನಾಯುಗಳ ಸಂಕೋಚನಕ್ಕೂ ಕ್ಯಾಲ್ಸಿಯಂ ಬೇಕು. ಅದು ಸಾಲದಿದ್ದರೆ ಅಂಡನಾಳವು ಮೊಟ್ಟೆಯನ್ನು ಹೊರದೂಡಲಾರದೆ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಅತಿಯಾದ ಕೊಬ್ಬು, ಅಳತೆ ಮೀರಿದ ಮೊಟ್ಟೆ, ನಾಳದ ಸೋಂಕು ಇವೂ ಇದಕ್ಕೆ ಕಾರಣಗಳಾಗಬಹುದು. ಬೇಸಗೆಯಲ್ಲಿ ಚಿಪ್ಪು ತೆಳುವಾಗುವುದಕ್ಕೆ ಮಾತ್ರ ಬೇರೊಂದು ಕಾರಣವುಂಟು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದು ಏದುಸಿರಿನಿಂದಲೇ ಮೈಯನ್ನು ತಂಪಾಗಿಸಿಕೊಳ್ಳುತ್ತದೆ. ಆಗ ಇಂಗಾಲದ ಡೈಆಕ್ಸೈಡು ಹೆಚ್ಚಾಗಿ ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟಿಗೆ ಕೊರತೆಯುಂಟಾಗುತ್ತದೆ. ಮೇವು ತಿನ್ನುವುದೂ ಕಡಿಮೆಯಾಗುತ್ತದೆ.

ಮೊಟ್ಟೆ ಸಿಕ್ಕಿಕೊಂಡ ಹೇಂಟೆಯನ್ನು ಕಾವಿಗೆ ಕುಳಿತುದೆಂದು ಭಾವಿಸುವುದು ಅಪಾಯಕರ. ಕಾವಿನ ಕೋಳಿ ಮುಟ್ಟಹೋದರೆ ಗರಿಗೆದರಿ ಕುಕ್ಕುತ್ತದೆ. ಸಂಕಟದಲ್ಲಿರುವ ಕೋಳಿಯಾದರೋ ಬಾಲ ಇಳಿಬಿಟ್ಟು, ಮುಕ್ಕರಿಯುತ್ತ, ಮೇವು ಮುಟ್ಟದೆ ನಿಲ್ಲುತ್ತದೆ. ಅದನ್ನು ಬೇರ್ಪಡಿಸಿ, ನೀರು ಕೊಟ್ಟು, ಬೆಚ್ಚಗಿನ ಮಬ್ಬುಗತ್ತಲೆಯಲ್ಲಿಟ್ಟು, ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮೊಟ್ಟೆಯನ್ನು ಹಿಸುಕಿ ತೆಗೆಯುವ ಸಾಹಸ ಸಲ್ಲದು; ಒಳಗೆ ಒಡೆದರೆ ಚೂರುಗಳಿಂದ ನಾಳಕ್ಕೆ ಗಾಯವಾಗಿ ಸೋಂಕು ಹರಡಬಹುದು.

ತಡೆಯುವ ಉಪಾಯ ಸುಲಭವಾದುದು. ಕಪ್ಪೆಚಿಪ್ಪಿನ ಅಥವಾ ಸುಣ್ಣಕಲ್ಲಿನ ಒರಟು ಪುಡಿಯನ್ನು ಬೇರೆ ಪಾತ್ರೆಯಲ್ಲಿಟ್ಟರೆ ಹೇಂಟೆಯು ತನಗೆ ಬೇಕಾದಷ್ಟನ್ನು ಆಯ್ದು ತಿನ್ನುತ್ತದೆ. ಮರಿಗಳ ಮೇವಿಗೆ ಇದನ್ನು ಬೆರೆಸಬಾರದು; ಹೆಚ್ಚಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕರುಳು ಕ್ಯಾಲ್ಸಿಯಂ ಹೀರಲು ಡಿ ಜೀವಸತ್ವ ಬೇಕಾದುದರಿಂದ ಬಿಸಿಲಿನಲ್ಲಿ ಓಡಾಡುವ ಅವಕಾಶವೂ, ಬೇಸಗೆಯಲ್ಲಿ ನೆರಳು ಮತ್ತು ತಣ್ಣೀರೂ ಇರಬೇಕು. ನಾವು ದಿನವೂ ಎತ್ತಿಕೊಳ್ಳುವ ಮೊಟ್ಟೆಯ ಚಿಪ್ಪಿನಲ್ಲಿ ಹೇಂಟೆಯ ಮೂಳೆಯ ಅಂಶವೂ ಸೇರಿರುತ್ತದೆ. ಅದನ್ನು ಮೇವಿನ ಮೂಲಕ ಹಿಂದಿರುಗಿಸುವುದು ಸಾಕುವವರ ಹೊಣೆ.