ಟರ್ಬೊ ಹಾಕಿಸೋಕೆ ಮುಂಚೆ: ಮತ್ತೋಡಿನ ಗಾಡಿಮನೆ ಕಲಿಸಿದ ಪಾಠ

ಡೀಸೆಲ್ ಸೈಕಲ್ ನಮಗೆ ಗೊತ್ತು. ಪಿ-ವಿ ಡಯಾಗ್ರಾಮ್ ಕೇಳಿದರೆ ಕಣ್ಣು ಮುಚ್ಚಿ ಬರೀತೀವಿ. ಆದರೆ ಸೆಮಿಸ್ಟರ್ ರಜೆಯಲ್ಲಿ ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಹೋದಾಗ ಎದುರಾದ ಒಂದು ಪ್ರಶ್ನೆಗೆ ನಾವು ನಾಲ್ಕೂ ಜನ ಮುಖ ಮುಖ ನೋಡಿಕೊಂಡ್ವಿ. ಆ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನೇ ಇಲ್ಲಿ ಪಾಠದ ಥರ ಬರೆದಿದ್ದೀವಿ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ.

ಕೇಳಿದವರು ನಮ್ಮಲ್ಲೊಬ್ಬನ ದೊಡ್ಡಪ್ಪ, ನಿವೃತ್ತ ಮೇಷ್ಟ್ರು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟುಗಳನ್ನು ತೆಗೆಸಿ, ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿ, ಆರ್‌ಟಿಒದಲ್ಲಿ ಬರೆಸಿ ಮನೆ ಮಾಡಿಕೊಂಡಿದ್ದಾರೆ. ಪೇಟೆಯವರು ಮೋಟರ್‌ಹೋಮ್ ಅಂತಾರೆ, ಊರಲ್ಲಿ ಅದು 'ಮೇಷ್ಟ್ರ ಗಾಡಿಮನೆ'. ದೊಡ್ಡಮ್ಮನಿಗೆ ಮಂಡಿನೋವು. ಬಸ್ಸು ಹತ್ತಿ ಇಳಿಯೋದು ಕಷ್ಟ, ಆದರೆ ಊರೂರು ನೋಡೋ ಆಸೆ. ಅದಕ್ಕೇ ಈ ಗಾಡಿ.

ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಕಪ್ಪು ಹೊಗೆ ಬಿಡುತ್ತಾ ತೆವಳಿತಂತೆ. ಹಿಂದೆ ಸಾಲುಗಟ್ಟಿದ ವಾಹನಗಳ ಹಾರ್ನು. ದೊಡ್ಡಮ್ಮ ಹೆದರಿ, "ಇನ್ಮೇಲೆ ಇದನ್ನ ಹತ್ತಲ್ಲ" ಅಂದುಬಿಟ್ಟರು. ಒಬ್ಬ ಮೆಕ್ಯಾನಿಕ್ "ಟರ್ಬೊ ಹಾಕ್ಸಿ, ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ" ಅಂದರಂತೆ. ಅದಕ್ಕೆ ಹೇಳಿದ ದುಡ್ಡು ದೊಡ್ಡಪ್ಪನ ಒಂದು ವರ್ಷದ ಕೊಬ್ಬರಿ ದುಡ್ಡು!

"ಏನ್ರಪ್ಪಾ, ಇಂಜಿನಿಯರಿಂಗ್ ಓದ್ತೀರಲ್ಲ, ಹಾಕಿಸ್ಲಾ ಬ್ಯಾಡ್ವಾ ಹೇಳ್ರಿ" ಅಂದರು ದೊಡ್ಡಪ್ಪ.

ಇಂಜಿನ್ ಎಷ್ಟು ಕೊಡುತ್ತೆ?

ಟ್ರಾವೆಲರ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಆ ಕಾಲದ ಗಾಡಿಗಳಲ್ಲಿದ್ದದ್ದು ಮರ್ಸಿಡಿಸ್‌ನ ಓಎಂ 616 ಮೂಲದ ಇಂಜಿನ್: 2.4 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ದೊಡ್ಡಪ್ಪನ ಗಾಡಿಯಲ್ಲೂ ಅದೇ.

ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುತ್ತೆ. 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ 1500 ಸಲ, ಅಂದರೆ ಲೆಕ್ಕದಲ್ಲಿ 3600 ಲೀಟರ್. ನಿಜವಾಗಿ ಒಳಗೆ ಹೋಗೋದು 3000 ಲೀಟರ್ ಅಂತ ಹಿಡಿಯೋಣ. ಹೊಸದುರ್ಗದ ಕಡೆ ಸಮುದ್ರಮಟ್ಟದಿಂದ 700 ಮೀಟರಿನಷ್ಟು ಎತ್ತರ, ಗಾಳಿ ಸ್ವಲ್ಪ ತೆಳು. ಆ 3000 ಲೀಟರಿನ ತೂಕ ಸುಮಾರು 3.2 ಕೆಜಿ. ಹೊಗೆ ಬರದಂತೆ ಉರಿಯೋಕೆ 1 ಕೆಜಿ ಡೀಸೆಲ್‌ಗೆ ಸುಮಾರು 20 ಕೆಜಿ ಗಾಳಿ ಬೇಕು. ಹಾಗಾದರೆ ನಿಮಿಷಕ್ಕೆ 160 ಗ್ರಾಂ, ಗಂಟೆಗೆ 9.6 ಕೆಜಿ ಡೀಸೆಲ್ ಉರಿಸಬಹುದು. ಒಂದು ಕಿಲೋವಾಟ್-ಅವರ್‌ಗೆ 280 ಗ್ರಾಂ ಅಂತ ಇಟ್ಟರೆ ಸಿಗೋದು 34 ಕಿಲೋವಾಟ್, ಅಂದರೆ ಸುಮಾರು 46 ಎಚ್‌ಪಿ.

ಇಲ್ಲಿ ಮುಖ್ಯ ವಿಷಯ ಒಂದಿದೆ. ಇಂಜಿನ್ನಿನ ಶಕ್ತಿಗೆ ಮಿತಿ ಹಾಕೋದು ಡೀಸೆಲ್ ಅಲ್ಲ, ಗಾಳಿ. ಕಪ್ಪು ಹೊಗೆ ಅಂದರೆ ಗಾಳಿ ಸಿಗದೆ, ಪೂರ್ತಿ ಉರಿಯದೆ ಆಚೆ ಹೋದ ಡೀಸೆಲ್. ಅದು ನಮ್ಮದೇ ದುಡ್ಡು.

ಗಾಡಿಗೆ ಎಷ್ಟು ಬೇಕು?

ನೀರು ತುಂಬಿಸಿ, ಸಾಮಾನು ಸಮೇತ ವೇಬ್ರಿಜ್ ಮೇಲೆ ನಿಲ್ಲಿಸಿದ್ವಿ. 3300 ಕೆಜಿ. 20 ಮೀಟರಿಗೆ 1 ಮೀಟರ್ ಏರುವ ರಸ್ತೆಯಲ್ಲಿ 40 ಕಿ.ಮೀ. ವೇಗಕ್ಕೆ ಲೆಕ್ಕ ಹೀಗೆ: ಏರಿಗೆ 1617 ನ್ಯೂಟನ್, ಟೈರಿನ ಉರುಳು ತಡೆಗೆ 388, ಗಾಳಿಯ ತಡೆಗೆ ಸುಮಾರು 148. ಒಟ್ಟು 2153 ನ್ಯೂಟನ್. ವೇಗದಿಂದ ಗುಣಿಸಿದರೆ 24 ಕಿಲೋವಾಟ್. ಗೇರ್‌ಬಾಕ್ಸು, ಆಕ್ಸಲ್‌ನ ನಷ್ಟ ಸೇರಿಸಿದರೆ ಇಂಜಿನ್ ಕೊಡಬೇಕಾದ್ದು 28.

ಇಂಜಿನ್ ಹತ್ರ 34 ಇದೆ, ಬೇಕಾದ್ದು 28. ಆರೋಗ್ಯ ಸರಿ ಇದ್ದರೆ ಈ ಏರನ್ನು ಆರಾಮಾಗಿ ಹತ್ತಬೇಕು. ಘಾಟಿಯ ಕಡಿದಾದ ತಿರುವುಗಳಲ್ಲಿ ಗೇರ್ ಇಳಿಸಬೇಕು, ಅಷ್ಟೇ. ಹಾಗಾದರೆ ಹೊಗೆ ಯಾಕೆ?

ಬಿಚ್ಚಿ ನೋಡಿದಾಗ

ಏರ್ ಫಿಲ್ಟರ್ ತೆಗೆದ್ವಿ. ಕೆಮ್ಮಣ್ಣಿನ ಧೂಳು ಕಟ್ಟಿ ಹಂಚಿನ ಥರ ಆಗಿತ್ತು. ನಾಜಲ್‌ಗಳನ್ನು ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿದರೆ, ನಾಲ್ಕರಲ್ಲಿ ಎರಡು ಡೀಸೆಲ್ಲನ್ನು ಮಂಜಿನ ಥರ ಚಿಮ್ಮಿಸೋ ಬದಲು ತೊಟ್ಟಿಕ್ಕಿಸ್ತಿದ್ದವು. ಜಾಕ್ ಹಾಕಿ ಚಕ್ರ ತಿರುಗಿಸಿದರೆ ಹಿಂದಿನ ಒಂದು ಚಕ್ರ ಬ್ರೇಕ್ ಹಿಡಿದುಕೊಂಡೇ ಇತ್ತು. ಟೈರಿನಲ್ಲಿ ಗಾಳಿ ಕಮ್ಮಿ. ಬಳಸದ ಎರಡನೇ ಬ್ಯಾಟರಿ, ಕಬ್ಬಿಣದ ಕಪಾಟು, ಹೋದಲ್ಲೆಲ್ಲ ನೀರು ಸಿಗುವಾಗಲೂ ತುಂಬಿರೋ ಟ್ಯಾಂಕು, ಎಲ್ಲ ಸೇರಿ 300 ಕೆಜಿ ಬೇಡದ ಭಾರ. ಆ ಏರಿನಲ್ಲಿ ಅದೊಂದೇ 2 ಕಿಲೋವಾಟ್ ತಿನ್ನುತ್ತೆ.

ವೇಗದ ಲೆಕ್ಕವೂ ಮಾಡಿದ್ವಿ. ಸಮತಟ್ಟು ರಸ್ತೆಯಲ್ಲಿ 80ಕ್ಕೆ ಒಟ್ಟು ತಡೆ 981 ನ್ಯೂಟನ್, 60ಕ್ಕೆ 721. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರೋದರಿಂದ ಹೀಗೆ. ಪ್ರತಿ ಕಿಲೋಮೀಟರಿಗೆ ಮಾಡಬೇಕಾದ ಕೆಲಸ ಕಾಲುಭಾಗಕ್ಕಿಂತ ಜಾಸ್ತಿ ಉಳಿಯುತ್ತೆ, ಒಂದು ರೂಪಾಯಿ ಖರ್ಚಿಲ್ಲದೆ.

ಹಾಗಾದರೆ ಟರ್ಬೊ ಸುಳ್ಳಾ?

ಸುಳ್ಳಲ್ಲ. ಸೈಲೆನ್ಸರಿನಿಂದ ವ್ಯರ್ಥ ಹೋಗೋ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಒಳಗೆ ಕಳಿಸೋದೇ ಟರ್ಬೊ. ಇದನ್ನು ಹೇಗೆ ಹೇಳೋದು ಅಂತ ನಾವು ಒದ್ದಾಡುವಾಗ ದೊಡ್ಡಪ್ಪನೇ ಹೇಳಿದರು: "ಕುಲುಮೆಗೆ ತಿದಿ ಊದಿದಂಗೆ ಅನ್ನಿ." ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಊರು, ಕುಲುಮೆಯ ಮಾತು ಅವರಿಗೆ ಸಲೀಸು. ಮುಂದುವರಿಸಿ, "ತಿದಿ ಊದಿದ್ರೆ ಬೆಂಕಿ ಜೋರಾಗುತ್ತೆ, ಇದ್ದಿಲೂ ಜಾಸ್ತಿ ಬೇಕಲ್ಲ?" ಅಂದರು. ನಮ್ಮ ಇಡೀ ಅಧ್ಯಾಯ ಆ ಒಂದು ಮಾತಿನಲ್ಲಿತ್ತು. ಜಾಸ್ತಿ ಗಾಳಿ, ಜಾಸ್ತಿ ಡೀಸೆಲ್, ಜಾಸ್ತಿ ಶಕ್ತಿ. ಆದರೆ ಅದೇ ತೂಕವನ್ನು ಅದೇ ವೇಗದಲ್ಲಿ ಎಳೆಯೋ ಕೆಲಸ ಟರ್ಬೊ ಬಂದರೂ ಅಷ್ಟೇ ಇರುತ್ತೆ. ಹಾಗಾಗಿ ಮೈಲೇಜು ತಾನಾಗೇ ಏರಲ್ಲ.

ಇನ್ನೊಂದು, ಶಾಖ. ಈ ಇಂಜಿನ್ನಿನ ಅಣ್ಣನಂತಿರೋ ಐದು ಸಿಲಿಂಡರಿನ ಓಎಂ 617ಗೆ ಮರ್ಸಿಡಿಸ್ ಕಂಪನಿ 1978ರಲ್ಲಿ 300 ಎಸ್‌ಡಿ ಕಾರಿಗಾಗಿ ಟರ್ಬೊ ಹಾಕಿತು. ಶಕ್ತಿ 80 ಎಚ್‌ಪಿ ಆಸುಪಾಸಿನಿಂದ 110ರ ಆಸುಪಾಸಿಗೆ ಏರಿತು. ಆದರೆ ಬರೀ ಟರ್ಬೊ ಸಿಕ್ಕಿಸಿ ಬಿಡಲಿಲ್ಲ. ಪಿಸ್ಟನ್ನಿನ ತಳಕ್ಕೆ ಆಯಿಲ್ ಚಿಮ್ಮಿಸಿ ತಣಿಸೋ ವ್ಯವಸ್ಥೆ ಮಾಡಿತು, ಒಳಗಿನ ಭಾಗಗಳನ್ನೂ ಗಟ್ಟಿ ಮಾಡಿತು. ಅದ್ಯಾವುದೂ ಇಲ್ಲದೆ ಹಳೇ ಇಂಜಿನ್ನಿಗೆ ಹೊರಗಿನಿಂದ ಟರ್ಬೊ ಕಟ್ಟಿದರೆ ಹೆಡ್ ಗ್ಯಾಸ್ಕೆಟ್ಟೋ ಪಿಸ್ಟನ್ನೋ ಕೈಕೊಡೋ ಅಪಾಯವಿದೆ. ಘಾಟಿಯ ಮಧ್ಯೆ ಕೈಕೊಟ್ಟರೆ ದೊಡ್ಡಮ್ಮನ ಭಯಕ್ಕೆ ಮದ್ದೇ ಇಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೊದಲು ಕೊಟ್ಟ, ಆರ್‌ಸಿಯಲ್ಲಿ ನಮೂದಾದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. ಇಂಜಿನ್ ಬದಲಿಸೋದಾದರೂ ಮೊದಲು ಆರ್‌ಟಿಒ ಒಪ್ಪಿಗೆ ಬೇಕು.

ಕೊನೆಗೆ ಆದದ್ದು

ಹೊಸ ಫಿಲ್ಟರ್, ನಾಜಲ್ ರಿಪೇರಿ, ಬ್ರೇಕ್ ಕೆಲಸ, ಟೈರಿಗೆ ಗಾಳಿ, 300 ಕೆಜಿ ಇಳಿಕೆ. ಮೊದಲು ಟ್ಯಾಂಕ್ ಬಾಯಿತನಕ ತುಂಬಿಸಿ ಓಡಿಸಿ, ಮತ್ತೆ ತುಂಬಿಸಿ ಅಳೆದಾಗ ಲೀಟರಿಗೆ 8 ಕಿ.ಮೀ. ಬಂದಿತ್ತು. ಕೆಲಸ ಮುಗಿದ ಮೇಲೆ ಅದೇ ರಸ್ತೆಯಲ್ಲಿ, 60 ದಾಟದೆ, 9.5. ಸಾವಿರ ಕಿಲೋಮೀಟರಿಗೆ ಸುಮಾರು 20 ಲೀಟರ್ ಉಳಿತಾಯ. ಕೊಬ್ಬರಿ ದುಡ್ಡಿನಲ್ಲಿ ಮುಕ್ಕಾಲು ಪಾಲು ಹಾಗೇ ಉಳೀತು.

ನೀವೂ ಮನೆಯ ಗಾಡಿಗೆ ಇಂಥ ಕೆಲಸ ಮಾಡೋದಾದರೆ ನಮ್ಮ ಮಾತು ಇಷ್ಟೇ: ಮೊದಲು ತೂಕ ಹಾಕಿ, ಮೈಲೇಜ್ ಅಳೆಯಿರಿ, ಬೇಕಾದ ಶಕ್ತಿ ಎಷ್ಟು ಅಂತ ಲೆಕ್ಕ ಮಾಡಿ. ಇಂಜಿನ್ ಈಗಾಗಲೇ ಕೊಡಬೇಕಾದ್ದನ್ನು ಕೊಡ್ತಿದೆಯಾ ನೋಡಿ. ಅದಾದ ಮೇಲೂ ಸಾಲದಿದ್ದರೆ ಟರ್ಬೊ ಮಾತು.

ನಾವು ಹೊರಡುವ ದಿನ ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕೂತು ಹೊಸದುರ್ಗದ ಬಸ್‌ಸ್ಟ್ಯಾಂಡ್ ತನಕ ಬಂದು ನಮ್ಮನ್ನು ಬಿಟ್ಟು ಹೋದರು. ಚಾರ್ಮಾಡಿಗೆ ಮಾತ್ರ ಇನ್ನೂ ಒಪ್ಪಿಲ್ಲ.