ನಡುಹಾದಿಯ ರಂಗಕಲಾವಿದ ಮತ್ತು ಫೆಲೋಷಿಪ್ ಅರ್ಜಿ

1

ಕನ್ನಡ ಗದ್ಯಪ್ರಕಾರಗಳನ್ನು ಕುರಿತ ವಿವೇಚನೆಯಲ್ಲಿ ಪತ್ರ, ದಿನಚರಿ, ಪ್ರವಾಸಕಥನ, ಆತ್ಮಕಥೆಗಳಿಗೆ ದೊರೆತಿರುವ ಗಮನ ಅರ್ಜಿಗೆ ದೊರೆತಿಲ್ಲ. ಅದು ಕಚೇರಿಯ ಕಾಗದ, ಸಾಹಿತ್ಯದ ಅಭ್ಯಾಸಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬೇಕು. ಆದರೆ ಬೇಡಿಕೆಯ ಭಾಷೆಗೆ ನಮ್ಮಲ್ಲಿ ಶಾಸನಗಳಷ್ಟೇ ಹಳೆಯದಾದ ಪರಂಪರೆಯಿದೆ. ದೇಗುಲಕ್ಕೋ ಕೆರೆಗೋ ದತ್ತಿ ಬೇಕಾದಾಗ ಅಧಿಕಾರಿಯೋ ಆಚಾರ್ಯನೋ ಅರಸನಿಗೆ ಬಿನ್ನಪಂಗೆಯ್ದ ಸಂದರ್ಭಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಿನ್ನಪವೆಂಬುದು ಸಂಸ್ಕೃತದ ವಿಜ್ಞಾಪನಕ್ಕೆ ಸಂಬಂಧಿಸಿದ ತದ್ಭವ. ತಿಳಿಯಪಡಿಸುವುದು ಎಂಬುದು ಅದರ ಮೊದಲ ಅರ್ಥ. ಬೇಡುವುದು ಎಂಬ ಅರ್ಥ ಅನಂತರ ಕೂಡಿಕೊಂಡದ್ದು. ರಂಗಭೂಮಿಯಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದು, ನಲವತ್ತರ ಆಸುಪಾಸಿನಲ್ಲಿರುವ ಕಲಾವಿದರು ಫೆಲೋಷಿಪ್ಪಿಗಾಗಿ ಬರೆಯುವ ಅರ್ಜಿ ಈ ಮೊದಲ ಅರ್ಥಕ್ಕೆ ಹೇಗೆ ಮರಳಬಹುದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಡುಹಾದಿಯ ಕಲಾವಿದರನ್ನು ಪ್ರತ್ಯೇಕವಾಗಿ ಎತ್ತಿಕೊಳ್ಳಲು ಕಾರಣವಿದೆ. ತರುಣರಿಗೆ ತರಬೇತಿಶಾಲೆಗಳಿವೆ, ವೃದ್ಧರಿಗೆ ಮಾಸಾಶನ, ಪ್ರಶಸ್ತಿಗಳಿವೆ. ನಡುವಿನವರಿಗೆ ಮಕ್ಕಳ ಓದು, ಮನೆಯ ಬಾಡಿಗೆ, ಬಿಡುವಿಲ್ಲದ ದುಡಿಮೆ. ಅನೇಕರು ರಂಗವನ್ನು ತೊರೆಯುವುದು ಈ ಘಟ್ಟದಲ್ಲಿಯೇ. ಅವರೊಡನೆ ಅವರ ಮೈಗೆ ಹತ್ತಿದ ವಿದ್ಯೆಯೂ ಹೋಗುತ್ತದೆ. ಹಾಗಾಗದಂತೆ ತಡೆಯುವ ಕೆಲವೇ ಸಾಧನಗಳಲ್ಲಿ ಫೆಲೋಷಿಪ್ ಒಂದು. ಅದರ ಬಾಗಿಲು ತೆರೆಯುವುದು ಬರವಣಿಗೆಯಿಂದ.

2

ಕಲಾವಿದರು ಪೋಷಣೆಯನ್ನರಸಿ ಹೊರಡುವುದು ಹೊಸದೇನಲ್ಲ. 11ನೆಯ ಶತಮಾನದ ಉತ್ತರಾರ್ಧದಲ್ಲಿ ಬಿಲ್ಹಣ ಕಾಶ್ಮೀರದಿಂದ ಹೊರಟು ಉತ್ತರದ ಹಲವು ಪಟ್ಟಣಗಳನ್ನು ದಾಟಿ ಗುಜರಾತಿಗೆ ಬಂದನು. ಇಂದಿನ ಪಾಟಣವಾದ ಅಣಹಿಲಪಾಟಕದಲ್ಲಿ ಆಳುತ್ತಿದ್ದ ಚಾಲುಕ್ಯ ದೊರೆ ಕರ್ಣನನ್ನು ನಾಯಕನನ್ನಾಗಿಸಿ 'ಕರ್ಣಸುಂದರೀ' ಎಂಬ ನಾಟಿಕೆಯನ್ನು ರಚಿಸಿದನು. ಅಲ್ಲಿ ಅವನು ನೆಲೆನಿಲ್ಲಲಿಲ್ಲ. ಕೊನೆಗೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076-1126) ಆಸ್ಥಾನದಲ್ಲಿ ವಿದ್ಯಾಪತಿಯೆಂಬ ಪದವಿಯನ್ನು ಪಡೆದನು. ಈ ಅಲೆದಾಟವನ್ನು ಅವನೇ 'ವಿಕ್ರಮಾಂಕದೇವಚರಿತ'ದ 18ನೆಯ ಸರ್ಗದಲ್ಲಿ ಹೇಳಿಕೊಂಡಿದ್ದಾನೆ. ಹುಟ್ಟೂರು, ವಂಶ, ವಿದ್ಯೆ, ಸಂಚಾರ, ಪಡೆದ ಗೌರವ ಇವೆಲ್ಲವೂ ಅಲ್ಲಿವೆ. ಇಂದಿನ ಅರ್ಜಿಗಳು ಕೇಳುವ ವ್ಯಕ್ತಿವಿವರಕ್ಕೂ ಅದಕ್ಕೂ ವಸ್ತುವಿನಲ್ಲಿ ಹೆಚ್ಚಿನ ಅಂತರವಿಲ್ಲ.

ಇದೇ ಹಾದಿಯನ್ನು 19ನೆಯ ಶತಮಾನದಲ್ಲಿ ಎದುರುದಿಕ್ಕಿನಲ್ಲಿ ನಡೆದವರು ಸಂಗೀತಗಾರ ಮೌಲಾ ಬಕ್ಷ್. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪರಿಚಯವನ್ನೂ ಆಸ್ಥಾನದ ಗೌರವವನ್ನೂ ಪಡೆದ ಅವರು ವಡೋದರಾದಲ್ಲಿ ನೆಲೆಸಿದರು. ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಅಲ್ಲಿ ಗಾಯನಶಾಲೆ ಆರಂಭವಾಯಿತು. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಇಂದು ಸಂಗೀತ, ನೃತ್ಯ, ನಾಟಕಗಳನ್ನು ಕಲಿಸುವ ವಿಭಾಗಗಳು ಆ ಶಾಲೆಯ ಮುಂದುವರಿಕೆ.

ಈ ಎರಡೂ ನಿದರ್ಶನಗಳಲ್ಲಿ ಅರಸನು ಮನ್ನಿಸಿದ್ದು ಸಿದ್ಧವಾಗಿದ್ದ ವಿದ್ಯೆಯನ್ನು. ಫೆಲೋಷಿಪ್ ಕೊಡುವುದು ಇನ್ನೂ ಆಗದಿರುವ ಕೆಲಸಕ್ಕೆ ಬೇಕಾದ ಕಾಲವನ್ನು. ಆಸ್ಥಾನಕ್ಕೆ ಹೋದವನು ತನಗೆ ಗೊತ್ತಿರುವುದನ್ನು ಹೇಳಿದರೆ ಸಾಕಾಗಿತ್ತು. ಇಂದಿನ ಅರ್ಜಿದಾರನು ತನಗೆ ಗೊತ್ತಿಲ್ಲದಿರುವುದನ್ನೂ ಖಚಿತವಾಗಿ ಹೇಳಬೇಕು. ಅನುಭವಿಗಳಾದ ಕಲಾವಿದರ ಅರ್ಜಿಗಳು ಸೋಲುವುದು ಬಹುಮಟ್ಟಿಗೆ ಈ ವ್ಯತ್ಯಾಸವನ್ನು ಗುರುತಿಸದೆ, ಬಿಲ್ಹಣನ ಸರ್ಗವನ್ನೇ ಮತ್ತೆ ಬರೆಯುವುದರಿಂದ.

3

ಆಧುನಿಕ ಕನ್ನಡ ರಂಗಭೂಮಿಯಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನ ಗಿರೀಶ ಕಾರ್ನಾಡರದು. 'ಯಯಾತಿ' (1961), 'ತುಘಲಕ್' (1964) ನಾಟಕಗಳಿಂದ ಹೆಸರಾಗಿದ್ದ ಅವರು 1963ರಿಂದ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗದಲ್ಲಿದ್ದರು. 1970ರಲ್ಲಿ ಅದನ್ನು ಬಿಟ್ಟರು. 1970ರಿಂದ 72ರವರೆಗೆ ಅವರಿಗೆ ಹೋಮಿ ಭಾಭಾ ಫೆಲೋಷಿಪ್ ದೊರೆತಿತ್ತು. ಜನಪದ ರಂಗಭೂಮಿಗೆ ಸಂಬಂಧಿಸಿದ ಸೃಜನಶೀಲ ಕಾರ್ಯ ಅದರ ವಿಷಯ. ಈ ಅವಧಿಯಲ್ಲಿ 'ಹಯವದನ' (1971) ಹೊರಬಂತು. ಭಾರತೀಯ ರಂಗಭೂಮಿಯಲ್ಲಿ ಮುಖವಾಡದ ಅರ್ಥವೇನು, ಸಂಗೀತದೊಡನೆ ಅದರ ಸಂಬಂಧವೇನು ಎಂದು ಬಿ.ವಿ. ಕಾರಂತರೊಡನೆ ನಡೆದ ವಾದದ ನಡುವೆ ಆ ನಾಟಕದ ಕಲ್ಪನೆ ರೂಪುಗೊಂಡಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಕಾಲಾವಕಾಶ ದೊರೆತಾಗ ಕಲಾವಿದನ ಬಳಿ ಉತ್ತರಕ್ಕೆ ಮೊದಲು ಒಂದು ಪ್ರಶ್ನೆಯಿತ್ತು ಎಂಬುದು ಮೊದಲನೆಯದು. ಆ ಪ್ರಶ್ನೆ ಪುಸ್ತಕದಿಂದಲ್ಲದೆ ರಂಗದ ಸಾಮಗ್ರಿಯಿಂದಲೇ, ಮುಖವಾಡ ಮತ್ತು ಹಾಡುಗಳಿಂದಲೇ, ಹುಟ್ಟಿತ್ತು ಎಂಬುದು ಎರಡನೆಯದು. ಮುಂದೆ 1987-88ರಲ್ಲಿ ಫುಲ್‌ಬ್ರೈಟ್ ಯೋಜನೆಯಡಿ ಕಾರ್ನಾಡರು ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗಲೂ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕಥೆಗಳು 'ನಾಗಮಂಡಲ'ವಾದವು.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಸಂಗೀತ ನಾಟಕ ಅಕಾಡೆಮಿ 1984ರಿಂದ ಸುಮಾರು ಒಂದು ದಶಕ ಕಾಲ ಪಾರಂಪರಿಕ ರಂಗಪ್ರಕಾರಗಳೊಡನೆ ಕೆಲಸಮಾಡುವ ತರುಣ ನಿರ್ದೇಶಕರಿಗೆ ನೆರವು ನೀಡಿತು. ಅದರಿಂದ ಒಳ್ಳೆಯ ಪ್ರಯೋಗಗಳು ಬಂದವು. ನೆರವಿನ ನಿಬಂಧನೆಗೆ ಹೊಂದಲೆಂದು ನಾಟಕಗಳಿಗೆ ಜನಪದ ಕುಣಿತವನ್ನು ಮೇಲಿನಿಂದ ಹೊದಿಸಲಾಗುತ್ತಿದೆ ಎಂಬ ಟೀಕೆಯೂ ಬಂತು. ಕಲಾವಿದನ ಪ್ರಶ್ನೆ ಗಟ್ಟಿಯಾಗಿಲ್ಲದಿದ್ದರೆ ಯೋಜನೆಯ ಭಾಷೆಯೇ ಅವನ ಭಾಷೆಯಾಗಿಬಿಡುತ್ತದೆ.

4

ಈಗ ಲಭ್ಯವಿರುವ ಅವಕಾಶಗಳಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಷಿಪ್ಪುಗಳು ವ್ಯಾಪಕವಾದವು. ಈಚಿನ ವರ್ಷಗಳ ನಿಯಮಗಳಂತೆ 25ರಿಂದ 40 ವರ್ಷದವರಿಗೆ ಕಿರಿಯ ಫೆಲೋಷಿಪ್, ತಿಂಗಳಿಗೆ 10,000 ರೂಪಾಯಿ; 40 ದಾಟಿದವರಿಗೆ ಹಿರಿಯ ಫೆಲೋಷಿಪ್, ತಿಂಗಳಿಗೆ 20,000 ರೂಪಾಯಿ. ಎರಡಕ್ಕೂ ಅವಧಿ ಎರಡು ವರ್ಷ. ಒಂದು ಸಾಲಿನಲ್ಲಿ ಎರಡೂ ವರ್ಗ ಸೇರಿ ಗರಿಷ್ಠ 400. ಸಾಹಿತ್ಯ, ಸಂಗೀತ, ನೃತ್ಯ, ಚಿತ್ರಕಲೆ ಮೊದಲಾದ ಕ್ಷೇತ್ರಗಳ ನಡುವೆ ರಂಗಭೂಮಿಯೂ ಒಂದು. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪಿತವಾದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಕೂಡ ಕಲಾಸಂಶೋಧನೆ ಮತ್ತು ಪ್ರಯೋಗಗಳಿಗೆ ಅನುದಾನ ನೀಡುತ್ತ ಬಂದಿದೆ. ನಿಯಮಗಳು ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಅರ್ಜಿ ಬರೆಯತೊಡಗಬೇಕು.

ಹಿರಿಯ ಫೆಲೋಷಿಪ್ಪಿನ ಒಟ್ಟು ಮೊತ್ತ ಎರಡು ವರ್ಷಕ್ಕೆ 4,80,000 ರೂಪಾಯಿ. ಸಂಸಾರವಿರುವವರು ಉದ್ಯೋಗವನ್ನು ಬಿಟ್ಟು ಬರಲು ಇದು ಸಾಲದು. ಆದ್ದರಿಂದ ಕೆಲಸದ ಗಾತ್ರವನ್ನು ಹಣದ ಅಳತೆಗೂ ಬಿಡುವಿನ ಅಳತೆಗೂ ಹೊಂದಿಸುವುದು ಅರ್ಜಿಯ ಮೊದಲ ವಿವೇಕ.

5

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ವಡೋದರಾದ ದಕ್ಷಿಣಕ್ಕಿರುವ ಮಕರಪುರದಲ್ಲಿ ಗಾಯಕವಾಡ ಅರಸರು 1870ರಲ್ಲಿ ಕಟ್ಟಿಸಿದ ಅರಮನೆಯಿದೆ. ಅದರ ಆಸುಪಾಸಿನ ಪ್ರದೇಶ ಇಂದು ದೊಡ್ಡ ಕೈಗಾರಿಕಾ ವಸಾಹತು. ಪತಿಯ ಕಾರ್ಖಾನೆಯ ಕೆಲಸದಿಂದಾಗಿ ಉತ್ತರ ಕರ್ನಾಟಕದಿಂದ ಅಲ್ಲಿಗೆ ಬಂದು ನೆಲೆಸಿದ, 44 ವರ್ಷದ ಒಬ್ಬ ಕನ್ನಡ ನಟಿಯನ್ನು ಊಹಿಸಿಕೊಳ್ಳೋಣ. ಇಪ್ಪತ್ತು ವರ್ಷಗಳ ಹವ್ಯಾಸಿ ರಂಗಾನುಭವ ಆಕೆಗಿದೆ. 'ಗುಜರಾತ್ ಮತ್ತು ಕರ್ನಾಟಕಗಳ ಜನಪದ ರಂಗಭೂಮಿಯ ಸಮಗ್ರ ಅಧ್ಯಯನ' ಎಂದು ಆಕೆ ಬರೆದರೆ ಅದು ಯಾರು ಬೇಕಾದರೂ ಬರೆಯಬಹುದಾದ ವಾಕ್ಯ. ಎರಡು ವರ್ಷದಲ್ಲಿ ಮುಗಿಯುವ ಕೆಲಸವೂ ಅದಲ್ಲ.

ಆಕೆ ಇರುವ ನಾಡಿನಲ್ಲಿ ಭವಾಯಿ ಎಂಬ ಆಟವಿದೆ. ಪರಂಪರೆಯ ಪ್ರಕಾರ 14ನೆಯ ಶತಮಾನದ ಅಸಾಯಿತ ಠಾಕರ ಅದರ ಪ್ರವರ್ತಕ. ಅದರ ಕಥಾಭಾಗಗಳಿಗೆ ವೇಷಗಳೆಂದು ಹೆಸರು. ಭೂಂಗಳವೆಂಬ ತಾಮ್ರದ ಉದ್ದ ಕಹಳೆಯ ದನಿಯೊಡನೆ ಆಟ ಸಾಗುತ್ತದೆ. ಸ್ತ್ರೀಪಾತ್ರಗಳನ್ನು ಸಾಂಪ್ರದಾಯಿಕವಾಗಿ ಗಂಡಸರೇ ಕಟ್ಟುತ್ತಾರೆ. ಈ ವೇಷಗಳಲ್ಲಿ ಜಸ್ಮಾ ಓಡಣಳದು ಪ್ರಸಿದ್ಧವಾದುದು. ಪಾಟಣದ ದೊರೆ ಸಿದ್ಧರಾಜ ಜಯಸಿಂಹ ಸಹಸ್ರಲಿಂಗ ಕೆರೆಯನ್ನು ತೋಡಿಸುವಾಗ ಮಣ್ಣು ಹೊರಲು ಬಂದ ಓಡ ಹೆಣ್ಣು ಆಕೆ. ದೊರೆ ಆಕೆಯನ್ನು ಬಯಸುತ್ತಾನೆ. ಆಕೆಯ ಗಂಡನ ಕೊಲೆಯಾಗುತ್ತದೆ. ಕೆರೆಯಲ್ಲಿ ನೀರು ನಿಲ್ಲದಿರಲೆಂದು ಶಪಿಸಿ ಆಕೆ ಚಿತೆಯೇರುತ್ತಾಳೆ. ಬಿಲ್ಹಣನಿಗೆ ಆಶ್ರಯವಿತ್ತ ಕರ್ಣನ ಮಗನೇ ಈ ಸಿದ್ಧರಾಜ. ತಾಯಿಯ ಕಡೆಯಿಂದ ಅವನು ಕದಂಬರ ಮನೆಮಗಳ ಮಗನೆಂದು ಗುಜರಾತಿನ ಪ್ರಬಂಧಗಳು ಹೇಳುತ್ತವೆ.

ನಮ್ಮ ಕಲ್ಪಿತ ನಟಿಗೆ 'ಕೆರೆಗೆ ಹಾರ' ಕಥನಗೀತ ಎಳವೆಯಿಂದ ಗೊತ್ತು. ಅಲ್ಲಿ ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿ ಬಲಿಯಾಗುತ್ತಾಳೆ, ನೀರು ತುಂಬುತ್ತದೆ. ಹೆಣ್ಣಿನ ಸಾವಿನಿಂದ ಒಂದು ಕೆರೆ ಬತ್ತಿತು, ಇನ್ನೊಂದು ಉಕ್ಕಿತು. ಒಬ್ಬಳು ಶಪಿಸಿದಳು, ಇನ್ನೊಬ್ಬಳು ಶಪಿಸದೆ ನೀರಿಗಿಳಿದಳು. ಇವೆರಡನ್ನೂ ಒಬ್ಬಳೇ ನಟಿ ಒಂದೇ ರಂಗದ ಮೇಲೆ ಹೇಗೆ ಧರಿಸಬೇಕು? ಶಾಪದ ಮಾತನ್ನು ಕಟ್ಟಿಕೊಟ್ಟಿರುವ ಗಂಡುನಟರಿಂದ ಹೆಣ್ಣೊಬ್ಬಳು ಕಲಿಯಬೇಕಾದುದೇನು, ಬಿಡಬೇಕಾದುದೇನು? ಕಥೆಯ ಆಶಯಗಳನ್ನು ವರ್ಗೀಕರಿಸುವುದು ವಿದ್ವಾಂಸರ ಕೆಲಸ. ಮೇಲಿನ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಅಭಿನಯದಿಂದ ಮಾತ್ರ. ಆದ್ದರಿಂದಲೇ ಅದು ಕಲಾವಿದೆಯ ಅರ್ಜಿಯಾಗುತ್ತದೆ.

ಪ್ರಶ್ನೆ ಖಚಿತವಾದರೆ ಉಳಿದ ಅಂಗಗಳು ತಾವಾಗಿ ಕೂಡಿಬರುತ್ತವೆ. ಆರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕಾದುದರಿಂದ ಎರಡು ವರ್ಷವನ್ನು ನಾಲ್ಕು ಭಾಗವಾಗಿ ವಿಂಗಡಿಸುವುದು ಲೇಸು. ಮೊದಲ ಭಾಗದಲ್ಲಿ ಉತ್ತರ ಗುಜರಾತಿನ ಊರುಗಳಲ್ಲಿ ಆಟಗಳನ್ನು ನೋಡಿ ದಾಖಲಿಸುವುದು. ಎರಡನೆಯದರಲ್ಲಿ ಹಿರಿಯ ಭವಾಯಿ ಕಲಾವಿದರೊಬ್ಬರಲ್ಲಿ ಜಸ್ಮಾಳ ವೇಷವನ್ನು ಕಲಿಯುವುದು. ಮೂರನೆಯದರಲ್ಲಿ ಕರ್ನಾಟಕಕ್ಕೆ ಬಂದು ಗೀತದ ಪಾಠಾಂತರಗಳನ್ನೂ ಕೆರೆಕೆಲಸ ಬಲ್ಲ ಒಡ್ಡರ ನೆನಪುಗಳನ್ನೂ ಸಂಗ್ರಹಿಸುವುದು. ನಾಲ್ಕನೆಯದರಲ್ಲಿ ಒಂದು ಗಂಟೆಯ ಏಕವ್ಯಕ್ತಿ ಪ್ರಯೋಗ ಮತ್ತು ಅಭ್ಯಾಸದ ಟಿಪ್ಪಣಿ. ಕಲಿಸುವ ಕಲಾವಿದರಿಗೆ ಸಲ್ಲಬೇಕಾದ ಸಂಭಾವನೆಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲು ಬರೆಯಬೇಕು; ಪ್ರಯೋಗದಲ್ಲಿ ಅವರ ಹೆಸರು ಹೇಗೆ ಬರುತ್ತದೆಂಬುದನ್ನೂ ಹೇಳಬೇಕು. ಅವರ ವಿದ್ಯೆಯನ್ನು 'ಮಾಹಿತಿ' ಎಂದು ಕರೆದು ಮುಗಿಸುವುದು ನ್ಯಾಯವಲ್ಲ.

6

ಇನ್ನು ಭಾಷೆಯ ವಿಚಾರ. ರಂಗಕರ್ಮ ಸಾಮೂಹಿಕವಾದುದು, ಅರ್ಜಿ ಕೇಳುವುದು ಒಬ್ಬರ ಕೆಲಸವನ್ನು. ಈ ಇಕ್ಕಟ್ಟಿನಲ್ಲಿ ನಮ್ಮವರು ಕರ್ಮಣಿ ಪ್ರಯೋಗದ ಮೊರೆಹೋಗುತ್ತಾರೆ: ನಾಟಕವನ್ನು ಪ್ರದರ್ಶಿಸಲಾಯಿತು, ಶಿಬಿರವನ್ನು ಏರ್ಪಡಿಸಲಾಯಿತು, ಬೆಳಕನ್ನು ವಿನ್ಯಾಸಗೊಳಿಸಲಾಯಿತು. ಇದರಿಂದ ವಿನಯ ಉಳಿಯುತ್ತದೆ, ಆದರೆ ಮಾಡಿದವರು ಕಾಣೆಯಾಗುತ್ತಾರೆ. ಆಯ್ಕೆಸಮಿತಿಗೆ ತಿಳಿಯಬೇಕಾದುದು ಕರ್ತೃಪದ. 'ನಿರ್ದೇಶನ ಬೇರೆಯವರದು, ಹಾಡುಗಳ ಮಟ್ಟುಗಳನ್ನು ನಾನು ಹಾಕಿದೆ' ಎಂಬ ವಾಕ್ಯದಲ್ಲಿ ಅಹಂಕಾರವೂ ಇಲ್ಲ, ಮರೆಮಾಚುವಿಕೆಯೂ ಇಲ್ಲ. ನಲವತ್ತು ಪ್ರಮಾಣಪತ್ರಗಳ ಪ್ರತಿಗಿಂತ ಇಂತಹ ಆರು ವಾಕ್ಯಗಳು ಹೆಚ್ಚು ಹೇಳುತ್ತವೆ.

ಎರಡನೆಯದು ಅನುವಾದದ ತೊಡಕು. ಅರ್ಜಿ ಕೊನೆಗೆ ಇಂಗ್ಲಿಷಿಗೋ ಹಿಂದಿಗೋ ಹೋಗಬೇಕಾಗಬಹುದು. ಹಾಗೆಂದು ಅದನ್ನು ಆ ಭಾಷೆಯಲ್ಲಿಯೇ ಯೋಚಿಸಲು ತೊಡಗಿದರೆ ಮಟ್ಟು, ತಿಟ್ಟು, ಚೌಕಿ, ಪ್ರಸಂಗ, ಹೆಜ್ಜೆ ಮುಂತಾದ ವೃತ್ತಿಪದಗಳು ಜಾರಿಹೋಗಿ, ಪರಂಪರೆ, ಪ್ರದರ್ಶನ, ಚಲನೆ ಎಂಬ ಬೋಳು ಪದಗಳು ಉಳಿಯುತ್ತವೆ. ಮೊದಲು ಕನ್ನಡದಲ್ಲಿ ಬರೆದು, ವೃತ್ತಿಪದವನ್ನು ಹಾಗೆಯೇ ಉಳಿಸಿಕೊಂಡು, ಒಂದು ವಾಕ್ಯದಲ್ಲಿ ವಿವರಿಸುವುದು ಸರಿಯಾದ ಕ್ರಮ.

7

ಮೇಲಿನ ವಿವೇಚನೆಯಿಂದ ಅರ್ಜಿಯನ್ನು ಕಲಿಸಬಹುದಾದ ಬರವಣಿಗೆಯೆಂದು ಪರಿಗಣಿಸಲು ಅಡ್ಡಿಯಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಚೆನ್ನಾಗಿ ಬರೆದವರಿಗೆಲ್ಲ ಫೆಲೋಷಿಪ್ ದೊರೆಯುತ್ತದೆಂದು ಇದರ ಅರ್ಥವಲ್ಲ. ಇರುವ ಸಂಖ್ಯೆಗಿಂತ ಬೇಡುವವರ ಸಂಖ್ಯೆ ದೊಡ್ಡದು. ತಿರಸ್ಕಾರವನ್ನು ಪ್ರತಿಭೆಯ ತೀರ್ಪೆಂದು ಭಾವಿಸಬೇಕಾಗಿಲ್ಲ. ಪ್ರಶ್ನೆಯನ್ನು ಖಚಿತಪಡಿಸಿಕೊಂಡವರಿಗೆ ಹಣ ಬಾರದಿದ್ದರೂ ಕೆಲಸದ ನಕ್ಷೆ ಉಳಿಯುತ್ತದೆ. ಜಸ್ಮಾಳ ವೇಷವನ್ನು ಕಲಿಯಲು ಆ ನಟಿ ಎರಡು ವರ್ಷಕ್ಕೆ ಬದಲು ಐದು ವರ್ಷ ತೆಗೆದುಕೊಳ್ಳಬಹುದು.

ಇಂದು ಇಂಗ್ಲಿಷ್ ಬಲ್ಲ, ನಗರಗಳ ಸಂಪರ್ಕವಿರುವ ಕಲಾವಿದರಿಗೆ ಅರ್ಜಿಯ ವಿದ್ಯೆ ಸುಲಭವಾಗಿ ಒಲಿಯುತ್ತದೆ. ವೃತ್ತಿಕಂಪನಿಯ ಹಾರ್ಮೋನಿಯಂ ವಾದಕನಿಗೆ, ದೊಡ್ಡಾಟದ ಭಾಗವತನಿಗೆ, ಹೊರನಾಡಿನ ಹವ್ಯಾಸಿ ನಟಿಗೆ ಅದು ಒಲಿಯುವುದಿಲ್ಲ. ಅವರ ಬಳಿ ಪ್ರಶ್ನೆಗಳಿಲ್ಲವೆಂದಲ್ಲ. ಅವನ್ನು ಬರಹಕ್ಕಿಳಿಸುವ ನೆರವಿಲ್ಲ. ಕನ್ನಡ ವಿಭಾಗಗಳು ವರ್ಷಕ್ಕೊಮ್ಮೆ, ಅರ್ಜಿ ಕರೆಯುವ ಮುನ್ನ, ನಾಲ್ಕು ದಿನ ಇಂತಹ ಕಲಾವಿದರೊಡನೆ ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಬಹುದು. ಒಬ್ಬರು ಹೇಳುವುದು, ಒಬ್ಬರು ಬರೆದುಕೊಳ್ಳುವುದು, ಬರೆದುದನ್ನು ಓದಿ ತಿದ್ದುವುದು. ಗ್ರಂಥಸಂಪಾದನೆಯನ್ನು ಕಲಿತ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಕೆಲಸವಲ್ಲ. ಈ ದಿಶೆಯಲ್ಲಿ ನಮ್ಮ ವಿಭಾಗಗಳು ಮೊದಲ ಹೆಜ್ಜೆಯನ್ನಿಡಬೇಕಾಗಿದೆ.