ಕೈಗೆಟುಕುವ ನೀರು

ಪ್ರಶ್ನೆ: ನನಗೆ 52 ವರ್ಷ. ಊರು ಕುಂದಾಪುರದ ಹತ್ತಿರ. ಹೋದ ವರ್ಷ ಮಗ ಒಂದು ಪ್ಲಾಸ್ಟಿಕ್ ಕಯಾಕ್ ತೆಗೆಸಿಕೊಟ್ಟ, ಮೇಲೆ ಕೂತು ಹುಟ್ಟು ಹಾಕುವಂಥದ್ದು. ವಾರಕ್ಕೆರಡು ಬೆಳಗ್ಗೆ ಗೆಳತಿಯ ಜೊತೆ ಪಂಚಗಂಗಾವಳಿ ನದಿಗೆ ಇಳಿಯುತ್ತೇನೆ. ಅದರಲ್ಲಿ ನೀರಿನ ಬಾಟಲಿಗೆ ಜಾಗವೇ ಇಲ್ಲ. ಬೆನ್ನ ಹಿಂದೆ ಇಟ್ಟಿದ್ದ ಸ್ಟೀಲ್ ಬಾಟಲಿಯನ್ನು ತಿರುಗಿ ತೆಗೆಯಲು ಹೋಗಿ ಮೊನ್ನೆ ಕಯಾಕ್ ವಾಲಿತು, ಮಗುಚುವುದೊಂದು ಬಾಕಿ. ಬಾಟಲಿ ಮುಳುಗಿಹೋಯಿತು. ಅಂದಿನಿಂದ ನೀರು ಒಯ್ಯುವುದನ್ನೇ ಬಿಟ್ಟೆ, ಮನೆಗೆ ಬರುವಾಗ ತಲೆನೋವು. ಒಂದು ಹೋಲ್ಡರ್ ಅಂಟಿಸಿ ನೋಡಿದೆ, ಎರಡೇ ದಿನಕ್ಕೆ ಕಿತ್ತುಬಂತು. ಡ್ರಿಲ್ ಮಾಡಿಸಿ ಸ್ಕ್ರೂ ಹಾಕಿಸಲೇ? ವಾಲಿದ ವಿಷಯ ಯಜಮಾನರಿಗೆ ಹೇಳಿಲ್ಲ. ಹೇಳಿದರೆ ಹೋಗುವುದೇ ಬೇಡ ಅಂದಾರು.

ಉತ್ತರ: ಡ್ರಿಲ್ ಬೇಡವೇ ಬೇಡ. ನಿಮ್ಮ ಕಯಾಕಿನ ಹೊಟ್ಟೆ ಟೊಳ್ಳು. ಒಳಗಿನ ಗಾಳಿಯೇ ಅದನ್ನು ತೇಲಿಸುತ್ತಿದೆ. ಸ್ಕ್ರೂ ಹಾಕಿದ ಕಡೆ ಸಣ್ಣ ಸಂದು ಉಳಿದರೂ ನೀರು ಸದ್ದಿಲ್ಲದೆ ಒಳಸೇರುತ್ತದೆ. ದೋಣಿ ಭಾರವಾಗಿ ಮೈ ಹೊರಳಿಸತೊಡಗಿದಾಗಲೇ ನಿಮಗೆ ಗೊತ್ತಾಗುವುದು. ಅಂಟು ಕಿತ್ತುಬಂದದ್ದು ನಿಮ್ಮ ತಪ್ಪಲ್ಲ. ಇಂಥ ಕಯಾಕುಗಳು ಸಾಮಾನ್ಯವಾಗಿ ಪಾಲಿಥಿಲೀನಿನವು, ಮೇಣದಂಥ ಜಾರು ಮೈ. ಮನೆಬಳಕೆಯ ಅಂಟು ಯಾವುದೂ ಅದರ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ.

ಅಂಟಿಸುವುದೂ ಬೇಡ, ಕೊರೆಯುವುದೂ ಬೇಡ, ಕಟ್ಟಿದರೆ ಸಾಕು. ಪ್ಲಂಬರ್ ಹತ್ತಿರ 90 ಮಿಲಿಮೀಟರ್ ಪಿವಿಸಿ ಪೈಪಿನ ಉಳಿಕೆ ತುಂಡು ಕೇಳಿ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ ಸಾಕು, ಬಾಟಲಿಯ ಕುತ್ತಿಗೆ ಮೇಲೆ ಉಳಿಯಬೇಕು. ತರುವ ಮೊದಲು ನಿಮ್ಮ ಬಾಟಲಿಯನ್ನೇ ಅದರೊಳಗೆ ಇಳಿಸಿ ನೋಡಿ. 75ರ ಪೈಪು ಲೀಟರ್ ಬಾಟಲಿಗೆ ಬಿಗಿಯಾಗುತ್ತದೆ. ಕತ್ತರಿಸಿದ ಅಂಚನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ ನುಣುಪು ಮಾಡಿ, ಇಲ್ಲದಿದ್ದರೆ ತೊಡೆ ತರಚುತ್ತದೆ. ಒಳಗೆ ಹಳೆಯ ಯೋಗ ಮ್ಯಾಟಿನ ತುಂಡು ಸುತ್ತಿಟ್ಟರೆ ಬಾಟಲಿ ಗಡಗಡ ಅನ್ನುವುದಿಲ್ಲ.

ತಳಕ್ಕೆ ಮುಚ್ಚಳ ಹಾಕಬೇಡಿ. ಕೆಳ ಅಂಚಿನ ಹತ್ತಿರ ನಾಲ್ಕು ತೂತು ಮಾಡಿ, ನೈಲಾನ್ ದಾರವನ್ನು ಅಡ್ಡಡ್ಡ ಬಿಗಿದರೆ ಬಾಟಲಿ ಅದರ ಮೇಲೆ ಕೂರುತ್ತದೆ, ನೀರು, ಮರಳು ಕೆಳಗಿಳಿದು ಹೋಗುತ್ತದೆ. ಹಿಂಬದಿಯಲ್ಲಿ ಮೇಲೊಂದು, ಕೆಳಗೊಂದು ಜೋಡಿ ಸೀಳು ಮಾಡಿ, ಹಳೆಯ ಸ್ಕೂಲ್ ಬ್ಯಾಗಿನ ಬಕಲ್ ಇರುವ ಪಟ್ಟಿ ತೂರಿಸಿ. ಅದನ್ನು ಸೀಟಿನ ಪಕ್ಕದ ಪಟ್ಟಿಗೆ ಬಿಗಿಯಾಗಿ ಕಟ್ಟಿ. ಕೊನೆಗೆ ಸೈಕಲ್ ಟ್ಯೂಬಿನಿಂದ ಬಳೆಯಂತೆ ಒಂದು ತುಂಡು ಕತ್ತರಿಸಿ ಪೈಪಿನಿಂದ ಬಾಟಲಿಯ ಕುತ್ತಿಗೆಗೆ ಸಿಕ್ಕಿಸಿ. ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು.

ಎಲ್ಲಿ ಕಟ್ಟುತ್ತೀರಿ ಎಂಬುದೇ ನಿಜವಾದ ಪ್ರಶ್ನೆ. ನನಗೂ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ. ಮೊದಲು ನಾನು ಕಾಲುಗಳ ನಡುವೆ ಕಟ್ಟಿದ್ದೆ, ಬಹಳ ಅನುಕೂಲ ಅನ್ನಿಸಿತ್ತು. ಒಮ್ಮೆ ನೀರಿಗೆ ಬಿದ್ದು, ಹೊಟ್ಟೆ ಊರಿ ಮತ್ತೆ ಕಯಾಕ್ ಹತ್ತುವಾಗ ಅದೇ ಪಕ್ಕೆಲುಬಿಗೆ ತಾಗಿ ಉಸಿರು ಕಟ್ಟಿತು. ಸೊಂಟದ ಪಕ್ಕ, ಸ್ವಲ್ಪ ಹಿಂದಕ್ಕೆ, ಮೈ ತಿರುಗಿಸದೆ ಕೈ ತಲುಪುವಲ್ಲಿ ಇರಲಿ. ಅಂಗಳದಲ್ಲೇ ಕಯಾಕ್ ಮೇಲೆ ಕೂತು ಹತ್ತಿಪ್ಪತ್ತು ಸಲ ಹುಟ್ಟು ಬೀಸಿ ನೋಡಿ, ಮೊಣಕೈ ತಾಗಿದರೆ ಜಾಗ ಬದಲಿಸಿ. ಉದ್ದನೆಯ ದಾರ ಎಲ್ಲೂ ಜೋತಾಡಬಾರದು. ಬಾಟಲಿ ಕಳೆದೀತೆಂದು ಅದನ್ನು ಸೊಂಟಕ್ಕೋ ಲೈಫ್ ಜಾಕೆಟ್ಟಿಗೋ ದಾರದಿಂದ ಕಟ್ಟಿಕೊಳ್ಳಲೇಬೇಡಿ. ಮಗುಚಿದಾಗ ಆ ದಾರ ನಿಮ್ಮನ್ನು ದೋಣಿಗೆ ಸಿಕ್ಕಿಸಿಬಿಡಬಹುದು.

ಬಾಟಲಿಯನ್ನೂ ಬದಲಿಸಿ. 300 ಗ್ರಾಂ ತೂಕದ ಸ್ಟೀಲ್ ಬಾಟಲಿ ತೇಲಬೇಕಾದರೆ ಕಾಲು ಲೀಟರಿಗಿಂತ ಹೆಚ್ಚು ಜಾಗ ಖಾಲಿ ಬಿಡಬೇಕು. ಹಗುರ ಪ್ಲಾಸ್ಟಿಕ್ ಬಾಟಲಿಗೆ ಮೇಲೆ ಎರಡು ಬೆರಳಿನಷ್ಟು ಗಾಳಿ ಬಿಟ್ಟರೆ ಸಾಕು, ಬಿದ್ದರೂ ಎತ್ತಿಕೊಳ್ಳಬಹುದು.

ನೀರಿಲ್ಲದೆ ಹೋಗುವುದನ್ನು ಮಾತ್ರ ಇಂದಿಗೇ ನಿಲ್ಲಿಸಿ. ಅಳಿವೆಯ ಹತ್ತಿರ ಸುತ್ತಲೂ ಇರುವುದು ಉಪ್ಪುನೀರು. ಗಾಳಿ ಬೀಸುತ್ತಿದ್ದರೆ ಎಷ್ಟು ಬೆವರಿದೆವೆಂದು ಗೊತ್ತಾಗುವುದಿಲ್ಲ. ಬಾಯಾರುವವರೆಗೆ ಕಾಯದೆ ಆಗಾಗ ಎರಡು ಗುಟುಕು ಕುಡಿಯಿರಿ. ನೀರು ಕುಡಿದೂ ತಲೆನೋವು ಬಂದರೆ ವೈದ್ಯರಿಗೆ ತೋರಿಸಿ.

ಇನ್ನು ಯಜಮಾನರ ವಿಷಯ. ಮುಚ್ಚಿಟ್ಟು ನದಿಗೆ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. ನೀವು ಎಲ್ಲಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ದಡದಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ವಾಲಿದ್ದು ನಿಮ್ಮ ವಯಸ್ಸಿನಿಂದಲ್ಲ, ಬಾಟಲಿ ಬೆನ್ನ ಹಿಂದೆ ಇದ್ದುದರಿಂದ. ಆ ಮಾತನ್ನೇ ಅವರಿಗೆ ಹೇಳಿ, ಪೈಪು ಕತ್ತರಿಸುವಾಗ ಹಿಡಿದುಕೊಳ್ಳಲು ಕರೆಯಿರಿ. ಕಟ್ಟಿದ ಮೇಲೆ ಸೊಂಟದ ಮಟ್ಟದ ನೀರಿನಲ್ಲಿ, ಲೈಫ್ ಜಾಕೆಟ್ ತೊಟ್ಟು, ಗೆಳತಿಯನ್ನು ಪಕ್ಕದಲ್ಲಿಟ್ಟುಕೊಂಡು ಬೇಕೆಂದೇ ಕಯಾಕ್ ಮಗುಚಿಸಿ. ಬಾಟಲಿ ನಿಂತಿದೆಯೇ, ನೀವು ತಡೆಯಿಲ್ಲದೆ ಮತ್ತೆ ಹತ್ತಿದಿರೇ ಎಂದು ಯಜಮಾನರು ದಡದಿಂದಲೇ ನೋಡಲಿ.